ನೂರು ಮೀಟರಾ, ಎಂಟ್ನೂರಾ, ಜಿಗಿತವಾ, ಎಸೆತವಾ? ಮಕ್ಕಳಿಗೆ ಐಟಂ ಆರಿಸುವ ಮೊದಲು ಇಷ್ಟು ನೋಡಿ

ಮಳೆ ಸ್ವಲ್ಪ ಹೊಳವಾದ ಕೂಡ್ಲೇ ನಮ್ಮ ಉಡುಪಿ ಮಂಗಳೂರು ಕಡೆ ಎಲ್ಲ ಶಾಲೆಗಳಲ್ಲೂ ಆಟೋಟಕ್ಕೆ ಹೆಸರು ಬರೆಸೋದು ಶುರುವಾಗ್ತದೆ. ಪಿಟಿ ಮಾಸ್ಟ್ರು ನೋಟ್‌ಬುಕ್ ಹಿಡ್ಕೊಂಡು ಕ್ಲಾಸಿಗೆ ಬಂದು "ನೂರು ಮೀಟರ್ ಯಾರ್ಯಾರು?" ಅಂತ ಕೇಳಿದ್ರೆ ಅರ್ಧ ಕ್ಲಾಸ್ ಕೈ ಎತ್ತುತ್ತದೆ, "ಗುಂಡೆಸೆತ?" ಅಂದ್ರೆ ಮೂರು ಕೈ, "ಎಂಟ್ನೂರು?" ಅಂದ್ರೆ ಎಲ್ರೂ ಪಕ್ಕದವನ ಮುಖ ನೋಡ್ತಾರೆ. ಆಮೇಲೆ ಅಪ್ಪ ಅಮ್ಮಂದಿರ ಫೋನ್ ಬರ್ತದೆ ನಂಗೆ, ಮಗಳನ್ನ ಯಾವುದಕ್ಕೆ ಹಾಕಿದ್ರೆ ಒಳ್ಳೇದು, ಮಗ ಸ್ವಲ್ಪ ದಪ್ಪ ಇದ್ದಾನೆ ಎಸೆತಕ್ಕೆ ಹಾಕ್ಬಹುದಾ, ಹೀಗೆಲ್ಲ. ನಾನು ಕಾಲೇಜಲ್ಲಿದ್ದಾಗ ನಾನೂರು ಮೀಟರ್ ಓಡ್ತಿದ್ದವಳು, ಈಗ ಮಗಳನ್ನೂ ಅಕ್ಕನ ಮಗನನ್ನೂ ಕರ್ಕೊಂಡು ಬೆಳಿಗ್ಗೆ ಆರಕ್ಕೆ ಅಜ್ಜರಕಾಡು ಸ್ಟೇಡಿಯಂಗೆ ಹೋಗ್ತೇನೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದ್ಸಲ ಸರಿಯಾಗಿ ಬರೆದು ಇಡುವ ಅಂತ ಕೂತಿದ್ದೇನೆ.

ಮೊದಲು ನಂದೇ ಕಥೆ ಹೇಳ್ಬೇಕು, ಯಾಕಂದ್ರೆ ಈ ವಿಷಯದಲ್ಲಿ ನಂಗೆ ಇಷ್ಟು ಕಾಳಜಿ ಬಂದದ್ದೇ ಅಲ್ಲಿಂದ. ಐದನೇ ಕ್ಲಾಸಿಂದ ಹತ್ತನೇ ಕ್ಲಾಸ್ ತನಕ ನಾನು ಓಡಿದ್ದು ಬರೀ ನೂರು, ಇನ್ನೂರು. ಪ್ರತಿ ಸಲ ವಲಯ ಮಟ್ಟದಲ್ಲಿ ನಾಲ್ಕನೇದು, ಐದನೇದು, ಅಲ್ಲಿಗೆ ಆ ವರ್ಷ ಮುಗೀತು. ಪಿಯುಸಿಗೆ ಬಂದಾಗ ಅಲ್ಲಿನ ಸರ್ ಎರಡು ದಿನ ಸುಮ್ನೆ ನಿಂತು ನೋಡಿದ್ರು, ಮೂರನೇ ದಿನ ಕರೆದು "ನೀನು ಸ್ಟಾರ್ಟಲ್ಲಿ ಹಿಂದೆ ಬೀಳ್ತೀಯ, ಆದ್ರೆ ಫಿನಿಶ್ ಆದ್ಮೇಲೂ ನಿಂಗೆ ದಮ್ಮು ಹೋಗಿರುವುದಿಲ್ಲ, ಉಳಿದವರೆಲ್ಲ ಮೊಣಕಾಲಿಗೆ ಕೈ ಕೊಟ್ಟು ನಿಂತಿರ್ತಾರೆ, ನಾನೂರು ಓಡು" ಅಂದ್ರು. ಆ ವರ್ಷವೇ ನಂಗೆ ಮೊದಲ ಮೆಡಲ್ ಬಂತು. ಆರು ವರ್ಷ ಯಾರೂ ನನ್ನ ಓಟವನ್ನ ನೋಡಿರ್ಲೇ ಇಲ್ಲ, ಬರೀ ಪ್ಲೇಸ್ ನೋಡಿದ್ರು. ಹಾಗಾಗಿ ನಾನು ಕೇಳ್ಕೊಳ್ಳುವುದು ಇಷ್ಟೇ, ಮಗು ಎಷ್ಟನೇದು ಬಂತು ಅನ್ನೋದಕ್ಕಿಂತ ಹೇಗೆ ಬಂತು ಅಂತ ನೋಡಿ, ಐಟಂ ಅಲ್ಲೇ ಸಿಗ್ತದೆ.

ಈಗ ಒಂದೊಂದಾಗಿ ನೋಡುವ.

ನೂರು, ಇನ್ನೂರು ಮೀಟರ್ ಯಾರಿಗೆ? ಕರೆದ ಕೂಡ್ಲೇ ತಿರುಗುವ, ಮುಟ್ಟಾಟದಲ್ಲಿ ಕೈಗೆ ಸಿಗದ, ಮೆಟ್ಟಿಲನ್ನ ಒಂದೊಂದಾಗಿ ಹತ್ತದೆ ಹಾರಿ ಹತ್ತುವ ಮಕ್ಕಳಿಗೆ. ಇದರಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು, ಅದನ್ನ ಒಪ್ಕೊಳ್ಳದೆ ಉಪಾಯ ಇಲ್ಲ. ಟ್ರೇನಿಂಗ್‌ನಿಂದ ಸ್ಟಾರ್ಟ್ ಸುಧಾರಿಸ್ತದೆ, ಕಾಲಿಡುವ ರೀತಿ ಸುಧಾರಿಸ್ತದೆ, ಬಲ ಬರ್ತದೆ, ಆದ್ರೆ ಮೂಲದಲ್ಲಿ ಚುರುಕು ಇಲ್ದಿದ್ರೆ ಒಂದು ಮಟ್ಟದ ಮೇಲೆ ಹೋಗುವುದು ಕಷ್ಟ. ಮಕ್ಕಳು 30-40 ಮೀಟರಿಗೇ ಫುಲ್ ಸ್ಪೀಡಿಗೆ ಬಂದು ಆಮೇಲೆ ಅದನ್ನ ಹಿಡ್ಕೊಳ್ಳಲಿಕ್ಕೆ ಒದ್ದಾಡ್ತಾರೆ, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಓಡಿದಾಗ ಅವನ ಟಾಪ್ ಸ್ಪೀಡ್ ಬಂದದ್ದು 60 ಮತ್ತು 80 ಮೀಟರ್ ನಡುವೆ. ಕೊನೇ 30 ಮೀಟರಲ್ಲಿ ನಿಮ್ಮ ಮಗು ಹಲ್ಲು ಕಚ್ಚಿ ಭುಜ ಮೇಲೆತ್ತಿ ಬಿಗಿಯಾಗ್ತದಾ, ಇಲ್ಲಾ ಮುಖ ಸಡಿಲ ಬಿಟ್ಟು ಓಡ್ತದಾ ಅಂತ ನೋಡಿ. ಸಡಿಲ ಬಿಟ್ಟು ಓಡುವ ಮಗುವಿಗೆ ಇದು ಹೇಳಿ ಮಾಡಿಸಿದ್ದು.

ಇನ್ನೊಂದು, ಸ್ಪ್ರಿಂಟಲ್ಲಿ ತಪ್ಪು ಮಾಡ್ಲಿಕ್ಕೆ ಜಾಗ ಇಲ್ಲ. 2010ರಿಂದ ಒಂದೇ ಫಾಲ್ಸ್ ಸ್ಟಾರ್ಟಿಗೆ ಹೊರಗೆ. ಆರು ತಿಂಗಳು ಪ್ರಾಕ್ಟೀಸ್ ಮಾಡಿ ಪಿಸ್ತೂಲಿಗಿಂತ ಮೊದಲು ಅಲುಗಿದ್ದಕ್ಕೆ ವಾಪಸ್ ಬಂದ ಮಕ್ಕಳ ಮುಖ ನಾನು ನೋಡಿದ್ದೇನೆ, ನೋಡ್ಲಿಕ್ಕಾಗುವುದಿಲ್ಲ. ಗಡಿಬಿಡಿಯ ಸ್ವಭಾವದ ಮಕ್ಕಳಿಗೆ ಅದನ್ನ ಮೊದಲೇ ಹೇಳಿ ತಯಾರು ಮಾಡ್ಬೇಕು. ಮತ್ತೆ ಶಾಲೆಯಲ್ಲಿ ನಾಲ್ಕನೇ ಫಾಸ್ಟ್ ಆದ ಮಗು ಬೇಜಾರು ಮಾಡ್ಕೊಳ್ಬೇಕಾಗಿಲ್ಲ, 4x100 ರಿಲೇಗೆ ಬೇಕಾಗುವುದು ನಾಲ್ಕು ಜನ, ಬ್ಯಾಟನ್ ಕೊಡ್ಲಿಕ್ಕೆ ಈಗ 30 ಮೀಟರ್ ಝೋನ್ ಉಂಟು, ಅದರೊಳಗೆ ಸರಿಯಾಗಿ ಕೊಟ್ಟು ತಗೊಳ್ಳುವ ಟೀಮ್ ತನಗಿಂತ ಫಾಸ್ಟ್ ಇರುವ ಟೀಮನ್ನೂ ಸೋಲಿಸ್ತದೆ.

ಇಲ್ಲಿ ಕಂಬಳದ ಮಾತು ಬಂದೇ ಬರ್ತದೆ, ನಮ್ಮೂರಲ್ಲಿ ಇದನ್ನ ಬಿಟ್ಟು ಓಟದ ಬಗ್ಗೆ ಮಾತಾಡ್ಲಿಕ್ಕೆ ಆಗುವುದಿಲ್ಲ ನೋಡಿ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದಾಗ ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಅಂದ್ರು, ಇಡೀ ದೇಶ ಬೋಲ್ಟ್ ಬೋಲ್ಟ್ ಅಂತು, ಸಾಯ್‌ನವರು (ಭಾರತೀಯ ಕ್ರೀಡಾ ಪ್ರಾಧಿಕಾರದವರು) ಟ್ರಯಲ್ಸಿಗೆ ಕರೆದ್ರು. ಅವರು ಹೋಗ್ಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಲ್ಲಿ ಕಾಲ್ಬೆರಳಿಗೆ, ಅದು ಬೇರೆ ಇದು ಬೇರೆ ಅಂತ ಅವರೇ ಹೇಳಿದ್ರು. ನಂಗೆ ಆ ಮಾತಿನ ಮೇಲೆ ತುಂಬ ಗೌರವ. ಕೋಣ ಎಳೀತಾ ಇರುವಾಗ ಕೆಸರಲ್ಲಿ ಬ್ಯಾಲೆನ್ಸ್ ತಪ್ಪದೆ ಓಡುವುದು ಅದರದ್ದೇ ಒಂದು ವಿದ್ಯೆ, ಟ್ರ್ಯಾಕಲ್ಲಿ ಕಾಲು ಒತ್ತಿ ಹೊರಡುವ ಸ್ಟಾರ್ಟಿಂಗ್ ಬ್ಲಾಕಿಂದ ಒಬ್ಬನೇ ಎದ್ದು ಓಡುವುದು ಇನ್ನೊಂದು. ನಮ್ಮ ಮನೆ ಹುಡುಗ ಗದ್ದೆಯಲ್ಲಿ ಹೀಗೆ ಓಡ್ತಾನೆ, ನೂರು ಮೀಟರಿಗೇ ಹಾಕಿ ಅಂತ ಹೇಳುವವರು ಒಮ್ಮೆ ಟ್ರ್ಯಾಕಲ್ಲಿ ಓಡಿಸಿ ನೋಡ್ಬೇಕು. ಅಂಥ ಹುಡುಗರಲ್ಲಿ ಕೆಲವರು ಎಸೆತದಲ್ಲಿ ಮಿಂಚುವವರು ಇರ್ತಾರೆ, ತೊಡೆ ಸೊಂಟದ ಬಲ ಅಂಥದ್ದು.

ಇನ್ನು ನಾನೂರು ಮತ್ತೆ ಎಂಟ್ನೂರು. ನನ್ನ ಮಟ್ಟಿಗೆ ನಮ್ಮ ಕಡೆ ಅತಿ ಹೆಚ್ಚು ಮಕ್ಕಳು ತಪ್ಪಿಸ್ಕೊಳ್ಳುವ ಜಾಗ ಇದೇ. ಎಲ್ರೂ ನೂರಕ್ಕೆ ಕ್ಯೂ ನಿಲ್ತಾರೆ, ನಾನೂರಕ್ಕೆ ಹೀಟ್ಸ್ ಮಾಡ್ಲಿಕ್ಕೇ ಜನ ಸಾಕಾಗುವುದಿಲ್ಲ. ಎರಡೂ ಒಂದೇ ಥರ ಕಾಣ್ತದೆ, ಒಂದು ರೌಂಡು, ಎರಡು ರೌಂಡು ಅಂತ. ಹಾಗಲ್ಲ. ನಾನೂರು ಅಂದ್ರೆ ಉದ್ದದ ಸ್ಪ್ರಿಂಟ್, ಕೊನೇವರೆಗೂ ನಿಮ್ಮ ಲೇನಲ್ಲೇ ಇರ್ಬೇಕು, ಪಕ್ಕದವರು ಎಷ್ಟು ಮುಂದಿದ್ದಾರೆ ಅಂತ ತಿರುವಿನಲ್ಲಿ ಗೊತ್ತೇ ಆಗುವುದಿಲ್ಲ, ಹೊರಗಿನ ಲೇನಿನವರನ್ನ ಮುಂದೆ ನಿಲ್ಲಿಸುವ ಅಂತರ, ಸ್ಟ್ಯಾಗರ್ ಅಂತಾರಲ್ಲ, ಅದು ಬಿಚ್ಚಿಕೊಳ್ಳುವುದು ಕೊನೇ ನೂರರಲ್ಲಿ. ಅಷ್ಟೊತ್ತಿಗೆ ತೊಡೆ ಕಲ್ಲಾಗಿರ್ತದೆ, ಮೊಣಕಾಲು ಎತ್ತಿದ್ರೆ ಎತ್ತಿದ ಹಾಗೇ ಆಗುವುದಿಲ್ಲ, ಕೈಯಿಂದ ಎಳ್ಕೊಂಡು ಬರ್ಬೇಕು. ಆ ಉರಿಯನ್ನ ತಡ್ಕೊಂಡು "ಇನ್ನೊಂದ್ಸಲ ಓಡ್ತೇನೆ" ಅನ್ನುವ ಹಠ ಇದ್ರೆ ಆ ಮಗು ನಾನೂರರದ್ದು. ನಮ್ಮ ಮಂಗಳೂರಲ್ಲಿ ತಯಾರಾದ ಪೂವಮ್ಮ ಇಲ್ವಾ, 2014ರ ಇಂಚಿಯಾನ್ ಏಷ್ಯನ್ ಗೇಮ್ಸಲ್ಲಿ ನಾನೂರಲ್ಲಿ ಕಂಚು, 4x400 ರಿಲೇಯಲ್ಲಿ ಚಿನ್ನ, ಮತ್ತೆ 2018ರಲ್ಲಿ ಜಕಾರ್ತದಲ್ಲೂ ರಿಲೇ ಚಿನ್ನ. ಮಂಗಳಾ ಸ್ಟೇಡಿಯಂನಲ್ಲಿ ಪ್ರಾಕ್ಟೀಸ್ ಮಾಡುವ ಹುಡುಗಿಯರಿಗೆ ಅವರ ಹೆಸರು ಹೇಳಿದ್ರೆ ಸಾಕು, ಬೇರೆ ಭಾಷಣ ಬೇಡ.

ಎಂಟ್ನೂರು ಬೇರೆ ತಲೆ ಕೇಳ್ತದೆ. ಮೊದಲ ತಿರುವು ಮುಗಿದ ಮೇಲೆ ಲೇನ್ ಬಿಟ್ಟು ಎಲ್ರೂ ಒಳಗೆ ಬರ್ತಾರೆ, ಅಲ್ಲಿಂದ ಮೊಣಕೈ ತಾಗ್ತದೆ, ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಶೂ) ತುಳೀತದೆ, ಬಾಕ್ಸ್ ಆಗಿ, ಅಂದ್ರೆ ಸುತ್ತ ಓಡುವವರ ನಡುವೆ ಸಿಕ್ಕಿ ಹೋಗ್ಬಹುದು, ಯಾವಾಗ ಬಿಡ್ಬೇಕು ಯಾವಾಗ ಹಿಡ್ಕೊಳ್ಬೇಕು ಅಂತ ಓಡ್ತಾ ಇರುವಾಗಲೇ ಯೋಚಿಸ್ಬೇಕು. ಮೊದಲ ರೌಂಡಲ್ಲಿ ಚಪ್ಪಾಳೆಗೆ ಮರುಳಾಗಿ ಮುಂದೆ ಓಡಿ ಎರಡನೇ ರೌಂಡಲ್ಲಿ ನಡ್ಕೊಂಡು ಬರುವ ಮಕ್ಕಳು ಪ್ರತಿ ಕ್ರೀಡಾಕೂಟದಲ್ಲೂ ಇರ್ತಾರೆ, ಆದ್ರೆ ಅದು ಕಲಿಸಿದ್ರೆ ಸರಿಯಾಗುವಂಥದ್ದು. ತಾಳ್ಮೆ ಇರುವ, ಸುತ್ತ ಏನಾಗ್ತಾ ಉಂಟು ಅಂತ ಗಮನಿಸುವ, ಶಾಲೆಗೆ ಸೈಕಲಲ್ಲಿ ಗುಡ್ಡೆ ಹತ್ತಿ ಬರುವ ಮಕ್ಕಳನ್ನ ಇದಕ್ಕೆ ನೋಡಿ. ಇದರಲ್ಲಿ ಟ್ರೇನಿಂಗಿನ ಪಾಲು ಸ್ಪ್ರಿಂಟಿಗಿಂತ ಜಾಸ್ತಿ, ಎರಡು ವರ್ಷ ತಪ್ಪದೆ ಓಡಿದವರು ಸುಧಾರಿಸ್ತಾರೆ. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸಲ್ಲಿ ಓಡಿದ 1:45.77 ನಮ್ಮ ದೇಶದ ದಾಖಲೆಯಾಗಿ 2018ರಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡುವ ತನಕ ಉಳೀತು, 42 ವರ್ಷ! ಅಂದ್ರೆ ಈ ದೂರಕ್ಕೆ ನಮ್ಮಲ್ಲಿ ಎಷ್ಟು ಕಡಿಮೆ ಮಕ್ಕಳು ಬರ್ತಿದ್ರು ಅಂತ ನಾನು ತಿಳ್ಕೊಳ್ತೇನೆ.

1500, 3000 ಎಲ್ಲ ಮುಂದಿನ ಮಾತು, ಎಂಟ್ನೂರು ಚೆನ್ನಾಗಿ ಓಡಿದ ಮಗು ಹದಿನಾರು ಹದಿನೇಳಕ್ಕೆ ತಾನಾಗಿ ಅಲ್ಲಿಗೆ ಹೋಗ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬರ್ತದೆ ಆದ್ರೆ ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಎಂಟು ಗಂಟೆಯ ಮೇಲೆ ಮಕ್ಕಳನ್ನ ಉದ್ದಕ್ಕೆ ಓಡಿಸುವುದು ಬೇಡವೇ ಬೇಡ. ನಡಿಗೆ ಸ್ಪರ್ಧೆಯನ್ನ ನೋಡಿ ನಗುವವರಿದ್ದಾರೆ, ನಗ್ಬೇಡಿ, ಒಂದು ಕಾಲು ಯಾವಾಗಲೂ ನೆಲದಲ್ಲಿರ್ಬೇಕು, ಮುಂದಿನ ಕಾಲು ನೆಲ ಮುಟ್ಟುವಾಗ ಮೊಣಕಾಲು ನೆಟ್ಟಗಿರ್ಬೇಕು, ಹಾಗೆ ಒಂದು ರೌಂಡ್ ನಡೆದು ನೋಡಿದ್ರೆ ಕಷ್ಟ ಗೊತ್ತಾಗ್ತದೆ. ಸ್ಪರ್ಧೆ ಕಡಿಮೆ ಇರುವ ಐಟಂ ಅದು. ಸ್ಟೀಪಲ್‌ಚೇಸ್ ಅಂದ್ರೆ 3000 ಮೀಟರ್ ಓಟದಲ್ಲಿ 28 ಅಡ್ಡಗಟ್ಟು, 7 ಸಲ ನೀರಿನ ಹೊಂಡ, ಶಾಲೆ ಮಕ್ಕಳಿಗೆ ಈಗಲೇ ಅದರ ಚಿಂತೆ ಬೇಡ.

ಹರ್ಡಲ್ಸ್ ಬಗ್ಗೆ ಒಂದು ಮಾತು. ಸ್ಪೀಡ್ ಸಾಧಾರಣ ಇದ್ದು ಲಯ ಚೆನ್ನಾಗಿರುವ, ಭರತನಾಟ್ಯವೋ ಯಕ್ಷಗಾನವೋ ಕಲಿತು ಕಾಲಿನ ಲೆಕ್ಕ ತಪ್ಪದ ಮಕ್ಕಳನ್ನ ಒಮ್ಮೆ ಹರ್ಡಲ್ಸಿಗೆ ಹಾಕಿ ನೋಡಿ. 400 ಹರ್ಡಲ್ಸಲ್ಲಿ ಹತ್ತು ಹರ್ಡಲ್, ನಡುವೆ 35 ಮೀಟರ್, ಇಷ್ಟೇ ಹೆಜ್ಜೆಯಲ್ಲಿ ಹೋಗ್ತೇನೆ ಅಂತ ಲೆಕ್ಕ ಇಟ್ಟು ಓಡ್ಬೇಕು, ಸುಸ್ತಾದ ಹಾಗೆ ಹೆಜ್ಜೆ ಗಿಡ್ಡ ಆಗ್ತದೆ, ಆಗ ಇನ್ನೊಂದು ಕಾಲಿಂದಲೂ ಹಾರ್ಲಿಕ್ಕೆ ಗೊತ್ತಿರ್ಬೇಕು. ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚು ತಪ್ಪಿಸ್ಕೊಂಡದ್ದು ಇದೇ ಐಟಂನಲ್ಲಿ, 55.42. ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜೆ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ದದ್ದೂ ಇದರಲ್ಲೇ. ಆ ದಿನ ಟಿವಿ ಮುಂದೆ ಕೂತವರು ಕೂತಲ್ಲಿಂದ ಎದ್ದು ನಿಂತದ್ದು ನಂಗೆ ಇವತ್ತಿಗೂ ನೆನಪುಂಟು.

ಜಿಗಿತಕ್ಕೆ ಬರುವ. ಉದ್ದ ಜಿಗಿತ ಮತ್ತು ಎತ್ತರ ಜಿಗಿತ, ಎರಡನ್ನೂ ಒಟ್ಟಿಗೆ ಬರೆಸಿ ಬಿಡ್ತಾರೆ, ಆದ್ರೆ ಬೇಕಾದ ಮೈ ಬೇರೆ ಬೇರೆ. ಉದ್ದ ಜಿಗಿತದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಡಿನ ಆಟ, ನೂರು ಮೀಟರಲ್ಲಿ ಚೆನ್ನಾಗಿ ಓಡಿಯೂ ಫೈನಲ್ ಸಿಗದ ಮಕ್ಕಳಿಗೆ ಇದು ಒಳ್ಳೆ ದಾರಿ. ಎತ್ತರ ಜಿಗಿತದಲ್ಲಿ ಉದ್ದ ಕಾಲು, ತೆಳ್ಳಗಿನ ಮೈ, ಬೆನ್ನು ಬಾಗುವ ಗುಣ, ಮತ್ತೆ ಹೆದರಿಕೆ ಇಲ್ಲದ ಮನಸ್ಸು, ಯಾಕಂದ್ರೆ ಸತತ ಮೂರು ಸಲ ಬಾರ್ ಬಿದ್ರೆ ಕಥೆ ಮುಗೀತು, ಪ್ರತಿ ಎತ್ತರದಲ್ಲೂ ಹೊಸ ಪರೀಕ್ಷೆ. ಮಂಗಳೂರಿನ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸಿಗೆ ಹೋದ್ರು. 1.92 ಅಂದ್ರೆ ಎಷ್ಟು ಅಂತ ಮಗಳಿಗೆ ತೋರಿಸ್ಲಿಕ್ಕೆ ನಾನು ಮನೆ ಬಾಗಿಲ ಚೌಕಟ್ಟಿಗೆ ಪೆನ್ಸಿಲಲ್ಲಿ ಗೆರೆ ಹಾಕಿದ್ದೇನೆ, ಬಂದ ನೆಂಟರೆಲ್ಲ ಅದರ ಪಕ್ಕ ನಿಂತು ನೋಡ್ತಾರೆ, ಮುಟ್ಟುವ ತಲೆ ಕಡಿಮೆ.

ಆದ್ರೆ ಇಲ್ಲೊಂದು ಗಟ್ಟಿ ಎಚ್ಚರಿಕೆ. ಬೆನ್ನು ಹಾಕಿ ಹಾರುವ ಫ್ಲಾಪ್ ಸ್ಟೈಲನ್ನ ದಪ್ಪ ಫೋಮ್ ಬೆಡ್ ಇಲ್ಲದೆ ಯಾರೂ ಮಾಡಿಸ್ಬಾರ್ದು. ಮೊಬೈಲಲ್ಲಿ ನೋಡಿ ಶಾಲೆಯ ಮರಳು ಪಿಟ್ಟಲ್ಲಿ ಫ್ಲಾಪ್ ಹೊಡೆಯುವ ಮಕ್ಕಳನ್ನ ನಾನು ಕಂಡಿದ್ದೇನೆ, ಕುತ್ತಿಗೆ ಮೇಲೆ ಬಿದ್ರೆ ಜೀವನವೇ ಹೋಯ್ತು. ಬೆಡ್ ಇಲ್ಲದ ಶಾಲೆಯಲ್ಲಿ ಸಿಸರ್ಸ್ ಮಾತ್ರ, ಅಂದ್ರೆ ಕತ್ತರಿ ಹಾಗೆ ಒಂದೊಂದೇ ಕಾಲು ಬಾರ್ ದಾಟಿಸುವುದು, ಕಾಲಲ್ಲೇ ಇಳೀಬೇಕು. ನಿಮ್ಮ ಹತ್ತಿರ ಒಳ್ಳೆ ಬೆಡ್ ಇರುವ ಜಾಗ ಇಲ್ಲ ಅಂದ್ರೆ ಮಗು ಎಷ್ಟೇ ಉದ್ದ ಇರ್ಲಿ, ಸದ್ಯಕ್ಕೆ ಉದ್ದ ಜಿಗಿತವೇ ಸರಿ. ತ್ರಿವಿಧ ಜಿಗಿತ ಹದಿನೈದು ಹದಿನಾರರ ಮೇಲೆ, ಒಂದೇ ಕಾಲಿನ ಮೇಲೆ ಬೀಳುವ ಭಾರ ಮೈಭಾರದ ಎಷ್ಟೋ ಪಟ್ಟು, ಎಳೆ ಮೊಣಕಾಲಿಗೆ ಅದು ಬೇಡ. ಪೋಲ್ ವಾಲ್ಟ್‌ಗೆ ಪೋಲ್, ಬೆಡ್, ಕೋಚ್ ಮೂರೂ ಬೇಕು, ಮೂರೂ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಯೋಚಿಸಿ.

ಉದ್ದ ಜಿಗಿತದ ರನ್ನಪ್, ಅಂದ್ರೆ ಹಾರುವ ಮೊದಲಿನ ಓಟ, ಹೇಗೆ ಹಿಡಿಯುವುದು ಅಂತ ಹೇಳ್ತೇನೆ, ಇದೊಂದು ಗೊತ್ತಾದ್ರೆ ಫೌಲ್ ಅರ್ಧಕ್ಕರ್ಧ ಕಡಿಮೆಯಾಗ್ತದೆ. ಮಗುವನ್ನ ಬೋರ್ಡಿನ ಮೇಲೆ, ಅಂದ್ರೆ ಕಾಲಿಟ್ಟು ಹಾರುವ ಹಲಗೆ ಮೇಲೆ, ಪಿಟ್ಟಿಗೆ ಬೆನ್ನು ಹಾಕಿ ನಿಲ್ಲಿಸಿ. ಅಲ್ಲಿಂದ ರನ್‌ವೇ ಕಡೆಗೆ ಅದರದ್ದೇ ಸ್ಪೀಡಲ್ಲಿ ಓಡ್ಲಿಕ್ಕೆ ಹೇಳಿ, ಹನ್ನೆರಡು ಹೆಜ್ಜೆ ಲೆಕ್ಕ ಹಾಕಿ, ಹನ್ನೆರಡನೇ ಕಾಲು ಬಿದ್ದಲ್ಲಿ ಸೈಡಲ್ಲಿ ಒಂದು ಚಪ್ಪಲಿ ಇಡಿ. ಹಾಗೆ ನಾಲ್ಕೈದು ಸಲ ಓಡಿಸಿದ್ರೆ ಚಪ್ಪಲಿ ಒಂದೇ ಜಾಗದ ಆಸುಪಾಸು ಬರ್ತದೆ, ಅಲ್ಲಿ ಗುರುತು. ಈಗ ಅದೇ ಗುರುತಿಂದ, ಅದೇ ಕಾಲಲ್ಲಿ ಶುರು ಮಾಡಿ ಬೋರ್ಡಿಗೆ ಓಡ್ಬೇಕು. ಬೋರ್ಡಿನ ಅಗಲ 20 ಸೆಂಟಿಮೀಟರ್, ಅಷ್ಟರಲ್ಲಿ ಕಾಲು ಬೀಳ್ಬೇಕು, ಮಗು ಕೊನೇ ಮೂರು ಹೆಜ್ಜೆಯಲ್ಲಿ ತಲೆ ಬಗ್ಗಿಸಿ ಬೋರ್ಡ್ ಹುಡುಕಿದ್ರೆ ಸ್ಪೀಡ್ ಹೋಯ್ತು. ಗುರುತು ಸರಿ ಇದ್ರೆ ಬೋರ್ಡ್ ನೋಡ್ಬೇಕಾಗಿಲ್ಲ, ಪಿಟ್ಟಿನ ಆಚೆ ಇರುವ ಮರವನ್ನ ನೋಡು ಅಂತ ನಾನು ಮಕ್ಕಳಿಗೆ ಹೇಳುವುದು. ಯಾವ ಕಾಲಿಂದ ಹಾರ್ಬೇಕು ಅಂತ ಗೊತ್ತಿಲ್ಲದಿದ್ರೆ ಒಂದೊಂದೇ ಕಾಲಲ್ಲಿ ಕುಂಟೆಬಿಲ್ಲೆ ಥರ ಐದು ಸಲ ಕುಪ್ಪಳಿಸಿ ದೂರ ಅಳೆಯಿರಿ, ಜಾಸ್ತಿ ದೂರ ಹೋದ ಕಾಲು ಹಾರುವ ಕಾಲು.

ಎಸೆತದ ಬಗ್ಗೆ ನಂಗೆ ಹೇಳ್ಲಿಕ್ಕೆ ತುಂಬ ಉಂಟು, ಯಾಕಂದ್ರೆ ನಮ್ಮಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲೇ. ದಪ್ಪ ಇರುವ ಮಗುವನ್ನ ಕರೆದು ಗುಂಡು ಕೊಟ್ಟು "ಬಿಸಾಡು" ಅಂತಾರೆ, ಅಷ್ಟೇ, ಒಂದು ದಿನದ ಪಾಠ ಇಲ್ಲ. ಮಗುವಿಗೂ ತಾನು ದಪ್ಪ ಇದ್ದದ್ದಕ್ಕೆ ಇಲ್ಲಿಗೆ ಹಾಕಿದ್ರು ಅಂತ ಅನ್ನಿಸ್ತದೆ. ದಯವಿಟ್ಟು ಹಾಗೆ ಮಾಡ್ಬೇಡಿ. ಎಸೆತದವರು ನಿಧಾನದವರಲ್ಲ, 20-30 ಮೀಟರ್ ಸ್ಪ್ರಿಂಟಲ್ಲಿ ಒಳ್ಳೊಳ್ಳೆ ಓಟಗಾರರ ಜೊತೆಗೇ ಇರುವವರು ಎಷ್ಟೋ ಮಂದಿ, ಅವರದ್ದು ಸ್ಫೋಟದ ಬಲ.

ಗುಂಡು ಹಿಡಿಯುವುದನ್ನೇ ನೋಡಿ. ಅಂಗೈಯಲ್ಲಿ ಇಟ್ಕೊಳ್ಳುವುದಲ್ಲ, ನಡುವಿನ ಮೂರು ಬೆರಳಿನ ಬುಡದಲ್ಲಿ, ಹೆಬ್ಬೆರಳು ಕಿರುಬೆರಳು ಸೈಡಿಗೆ ಆಸರೆ, ಅಂಗೈ ಮಣ್ಣಾಗದೆ ಶುಭ್ರವಾಗಿ ಕಾಣ್ಬೇಕು. ಗುಂಡು ಕುತ್ತಿಗೆಗೆ ಒತ್ತಿರ್ಬೇಕು, ಪ್ರಾಕ್ಟೀಸ್ ಮುಗಿಸಿ ಬಂದ ಮಕ್ಕಳ ದವಡೆ ಕೆಳಗೆ ಮಣ್ಣಿನ ಗುಂಡಗಿನ ಕಲೆ ಇದ್ರೆ ಸರಿ ಹಿಡ್ದಿದ್ದಾರೆ ಅಂತ ಲೆಕ್ಕ. ಅಲ್ಲಿಂದ ತಳ್ಳುವುದು, ಬಿಸಾಡುವುದಲ್ಲ, ಕೈ ಭುಜದ ಹಿಂದೆ ಹೋದ್ರೆ ಫೌಲು ಮಾತ್ರವಲ್ಲ, ಮೊಣಕೈಗೂ ಪೆಟ್ಟು. ಸರ್ಕಲಿನ ಅಡ್ಡಗಲ 2.135 ಮೀಟರ್, ಎಸೆದಾದ ಮೇಲೆ ಹಿಂದಿನ ಅರ್ಧದಿಂದಲೇ ಹೊರಗೆ ಬರ್ಬೇಕು, ಖುಷಿಯಲ್ಲಿ ಮುಂದೆ ಓಡಿ ಬಂದು ಒಳ್ಳೆ ಎಸೆತ ಕಳ್ಕೊಂಡವರು ತುಂಬ. ತೂಕದ ವಿಷಯದಲ್ಲಿ ಹಠ ಬೇಡ, ಗಂಡಸರ ಗುಂಡು 7.26 ಕೆಜಿ, ಹೆಂಗಸರದ್ದು 4, ಆದ್ರೆ ಹದಿನೆಂಟರ ಒಳಗಿನ ಹುಡುಗರಿಗೆ 5, ಹುಡುಗಿಯರಿಗೆ 3. ಎಳೆ ಮಕ್ಕಳಿಗೆ ಅದಕ್ಕಿಂತಲೂ ಹಗುರದಲ್ಲಿ ಸ್ಟೈಲ್ ಕಲಿಸ್ಬೇಕು, ಭಾರದ್ದನ್ನ ಕೊಟ್ರೆ ಸ್ಟೈಲ್ ಕೆಟ್ಟು ಮತ್ತೆ ತಿದ್ದಲಿಕ್ಕೆ ವರ್ಷ ಬೇಕು.

ಡಿಸ್ಕಸ್ಸಿಗೆ ಉದ್ದ ಕೈ, ತಿರುಗಿದ್ರೂ ತಲೆ ಸುತ್ತದ ಬ್ಯಾಲೆನ್ಸ್ ಬೇಕು. ಮೈಸೂರಲ್ಲಿ ಹುಟ್ಟಿದ ವಿಕಾಸ್ ಗೌಡ 2014ರ ಗ್ಲಾಸ್ಗೋ ಕಾಮನ್‌ವೆಲ್ತಲ್ಲಿ ಚಿನ್ನ ತಂದದ್ದು ಡಿಸ್ಕಸ್ಸಲ್ಲಿ. ಕಲಿಯಲಿಕ್ಕೆ ನಿಧಾನ, ಗುಂಡಿಗಿಂತ ಎರಡು ವರ್ಷ ಹೆಚ್ಚೇ ಬೇಕು, ಆದ್ರೆ ಗುಂಡಿನಷ್ಟು ದಪ್ಪ ಮೈ ಬೇಡ, ಉದ್ದ ತೆಳ್ಳಗಿನ ಹುಡುಗಿಯರಿಗೆ ಚೆನ್ನಾಗಿ ಹೊಂದ್ತದೆ. ಬಲೆ ಇಲ್ಲದ ಜಾಗದಲ್ಲಿ ಮಾಡಿಸುವಾಗ ಉಳಿದವರೆಲ್ಲ ಎಸೆಯುವವರ ಹಿಂದೆ ದೂರ ನಿಲ್ಬೇಕು, ಒದ್ದೆ ಕೈಯಿಂದ ಜಾರಿದ ಡಿಸ್ಕಸ್ ಯಾವ ದಿಕ್ಕಿಗೂ ಹೋಗ್ತದೆ. ಹ್ಯಾಮರ್ ಅಂತೂ ಬಲೆ ಮತ್ತು ಕೋಚ್ ಇಲ್ಲದೆ ಮುಟ್ಟುವುದೇ ಬೇಡ.

ಜಾವೆಲಿನ್ ಈಗ ಎಲ್ರಿಗೂ ಬೇಕು. ನೀರಜ್ ಚೋಪ್ರಾ ಟೋಕಿಯೋದಲ್ಲಿ 87.58 ಎಸೆದ ಮೇಲೆ ಮಕ್ಕಳು ಬಿದಿರ ಕೋಲು ಹಿಡ್ಕೊಂಡು ಗದ್ದೆಗೆ ಇಳಿದದ್ದನ್ನ ನಾನೇ ನೋಡಿದ್ದೇನೆ, ಖುಷಿಯೂ ಆಯ್ತು ಹೆದರಿಕೆಯೂ ಆಯ್ತು. ನಮ್ಮ ಪಕ್ಕದ ಶಿರಸಿಯ ಕಾಶಿನಾಥ ನಾಯ್ಕ್ 2010ರ ದೆಹಲಿ ಕಾಮನ್‌ವೆಲ್ತಲ್ಲೇ ಕಂಚು ಗೆದ್ದವರು, ಅದನ್ನೂ ಮಕ್ಕಳಿಗೆ ಹೇಳಿ. ಇದಕ್ಕೆ ಯಾರನ್ನ ನೋಡ್ಬೇಕು ಅಂದ್ರೆ ಕ್ರಿಕೆಟಲ್ಲಿ ಬೌಂಡರಿಯಿಂದ ಕೀಪರಿಗೆ ನೇರ ಎಸೆಯುವವರನ್ನ, ಮಾವಿನಕಾಯಿಗೆ ಒಂದೇ ಕಲ್ಲಿಗೆ ಗುರಿ ಇಡುವವರನ್ನ. ಚಾಟಿ ಬೀಸಿದ ಹಾಗೆ ಕೈ ಬರ್ಬೇಕು. ಮೊಣಕೈ ಭುಜಕ್ಕಿಂತ ಕೆಳಗೆ ಇಟ್ಟು ಸೈಡಿಂದ ಎಸೆಯುವ ಅಭ್ಯಾಸ ಇದ್ರೆ ಮೊದಲು ರಬ್ಬರ್ ಬಾಲಲ್ಲಿ ತಿದ್ದಿ, ಆಮೇಲೆ ಜಾವೆಲಿನ್ ಕೈಗೆ ಕೊಡಿ, ಇಲ್ದಿದ್ರೆ ಮೊಣಕೈ ಹಾಳು. ಮತ್ತೆ ಶಿಸ್ತು, ಇದು ಆಟದ ಸಾಮಾನಲ್ಲ. ಹೊತ್ಕೊಂಡು ಓಡ್ಬಾರ್ದು, ನಡೆಯುವಾಗ ತುದಿ ಕೆಳಗೆ, ಎಲ್ರೂ ಎಸೆದಾದ ಮೇಲೆ ಒಟ್ಟಿಗೆ ಹೋಗಿ ತರುವುದು, ನೆಲದಿಂದ ಕೀಳುವಾಗ ಹಿಂದೆ ಯಾರಿದ್ದಾರೆ ನೋಡುವುದು.

ಇಷ್ಟೆಲ್ಲ ಓದಿ ಮಂಡೆಬಿಸಿ ಆದ್ರೆ ಮನೆ ಹತ್ತಿರದ ಮೈದಾನದಲ್ಲಿ ನಾಲ್ಕು ಭಾನುವಾರ ಹೀಗೆ ಮಾಡಿ. ಒಂದು ವಾರ 30 ಮೀಟರ್ ಓಟ, ಇನ್ನೊಂದು ವಾರ ನಿಂತಲ್ಲಿಂದ ಎರಡೂ ಕಾಲಲ್ಲಿ ಮುಂದಕ್ಕೆ ಹಾರುವುದು, ಮೂರನೇ ವಾರ ರಬ್ಬರ್ ಬಾಲ್ ಎಸೆತ ಮತ್ತೆ ಎರಡೂ ಕೈಯಲ್ಲಿ ಹಗುರದ ಗುಂಡನ್ನ ತಲೆ ಮೇಲಿಂದ ಹಿಂದಕ್ಕೆ ಎಸೆಯುವುದು, ನಾಲ್ಕನೇ ವಾರ 600 ಮೀಟರ್. ಪ್ರತಿಯೊಂದನ್ನೂ ಬರೆದಿಡಿ. ಮೂವತ್ತು ಚೆನ್ನಾಗಿ ಬಂದು ನಿಂತ ಜಿಗಿತ ಸಾಧಾರಣ ಇದ್ರೆ ಸ್ಪ್ರಿಂಟ್, ಎರಡೂ ಚೆನ್ನಾಗಿದ್ರೆ ಉದ್ದ ಜಿಗಿತಕ್ಕೂ ಹಾಕಿ, ಹಿಂದಕ್ಕೆ ಎಸೆತ ಮತ್ತು ನಿಂತ ಜಿಗಿತ ಎರಡೂ ಚೆನ್ನಾಗಿದ್ರೆ ಗುಂಡು ಡಿಸ್ಕಸ್, ಬಾಲ್ ಎಸೆತ ಮಾತ್ರ ಎಲ್ಲರಿಗಿಂತ ಮುಂದೆ ಇದ್ರೆ ಜಾವೆಲಿನ್, 600ರಲ್ಲಿ ಕೊನೇ ನೂರು ಮೀಟರ್ ಇನ್ನೂ ಜೋರಾಗಿ ಓಡಿದ್ರೆ ಎಂಟ್ನೂರು. ಮತ್ತೆ ಯಾವ ಭಾನುವಾರ ಮಗು "ಇನ್ನೂ ಒಂದ್ಸಲ" ಅಂತ ತಾನಾಗಿ ಕೇಳಿತು ಅದನ್ನೂ ಬರೆದಿಡಿ, ನಂಗೆ ಆ ಸಾಲು ಉಳಿದ ನಂಬರುಗಳಿಗಿಂತ ಮುಖ್ಯ.

ವಯಸ್ಸಿನ ಬಗ್ಗೆ ಅವಸರ ಬೇಡ. ಹದಿನಾಲ್ಕರ ಒಳಗಿನವರಿಗೆ ರಾಷ್ಟ್ರೀಯ ಅಂತರ ಜಿಲ್ಲಾ ಜೂನಿಯರ್ ಮೀಟಲ್ಲೇ ಟ್ರಯಥ್ಲಾನ್ ಅಂತ ಓಟ, ಜಿಗಿತ ಎಲ್ಲ ಸೇರಿಸಿದ ಸ್ಪರ್ಧೆ ಇಟ್ಟಿದ್ದಾರೆ, ಒಂದೇ ಐಟಂಗೆ ಕಟ್ಟಿ ಹಾಕ್ಬಾರ್ದು ಅಂತಲೇ. ಹುಡುಗಿಯರು ಸುಮಾರು 11-12ಕ್ಕೆ, ಹುಡುಗರು 13-14ಕ್ಕೆ ಒಮ್ಮೆಲೇ ಉದ್ದ ಆಗ್ತಾರೆ, ಆ ಒಂದು ವರ್ಷ ಓಟ ಕೆಟ್ಟ ಹಾಗೆ, ಕೈಕಾಲು ಮಾತು ಕೇಳದ ಹಾಗೆ ಕಾಣ್ತದೆ, ಮೊಣಕಾಲಿನ ಕೆಳಗೆ ಮೂಳೆ ಉಬ್ಬಿದ ಹಾಗೆ ನೋವು ಬರ್ಬಹುದು. ಆಗ ಜಿಗಿತ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ, ಮಗು ಸೋಮಾರಿ ಆಯ್ತು ಅಂತ ಬೈಬೇಡಿ. ಬೇಗ ಬೆಳೆದ ಮಗು ಏಳನೇ ಕ್ಲಾಸಲ್ಲಿ ಎಲ್ಲ ಗೆಲ್ತದೆ, ಹತ್ತನೇ ಕ್ಲಾಸಿಗೆ ಉಳಿದವರು ಬೆಳೆದು ಸಮ ಆಗ್ತಾರೆ, ಎರಡೂ ಕಡೆಯ ಅಪ್ಪ ಅಮ್ಮಂದಿರು ಇದನ್ನ ತಿಳ್ಕೊಂಡಿರ್ಬೇಕು.

ಇನ್ನು ಜಾಗ. ಐಟಂ ಆರಿಸುವಾಗ ಅರ್ಧ ಉತ್ತರ ನಿಮ್ಮ ಮನೆ ಯಾವ ಬಸ್ ರೂಟಲ್ಲಿ ಉಂಟು ಅನ್ನೋದ್ರಲ್ಲೇ ಇರ್ತದೆ. ಮಂಗಳೂರಲ್ಲಿ ಮಂಗಳಾ ಸ್ಟೇಡಿಯಂ, ಉಡುಪಿಯಲ್ಲಿ ಅಜ್ಜರಕಾಡು, ಮೂಡುಬಿದಿರೆಯಲ್ಲಿ ಸ್ವರಾಜ್ಯ ಮೈದಾನ, ಮೂರು ಕಡೆಯೂ ಸಿಂಥೆಟಿಕ್ ಟ್ರ್ಯಾಕ್ ಉಂಟು. ಮೂಡುಬಿದಿರೆಯಲ್ಲಿ ಆಳ್ವಾಸ್ ಕಾಲೇಜ್ ಇರುವುದರಿಂದ ದೇಶದ ಬೇರೆ ಬೇರೆ ಕಡೆಯ ಅಥ್ಲೀಟುಗಳನ್ನ ಹತ್ತಿರದಿಂದ ನೋಡ್ಲಿಕ್ಕೆ ಸಿಗ್ತದೆ, ಮಗುವನ್ನ ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗಿ ಪ್ರಾಕ್ಟೀಸ್ ನೋಡಿಸಿದ್ರೂ ಲಾಭವೇ. ಆದ್ರೆ ದಿನಾ ಹೋಗ್ಲಿಕ್ಕಾಗದ ಒಳ್ಳೆ ಟ್ರ್ಯಾಕಿಗಿಂತ ದಿನಾ ಹೋಗ್ಬಹುದಾದ ಶಾಲೆ ಮೈದಾನ ಒಳ್ಳೇದು. ಮೈದಾನ ಮಾತ್ರ ಇದ್ರೆ ಎಂಟ್ನೂರು, ಗುಂಡು, ಉದ್ದ ಜಿಗಿತ ಆರಾಮಾಗಿ ಮಾಡ್ಬಹುದು. ಹರ್ಡಲ್ಸ್, ಎತ್ತರ ಜಿಗಿತ, ಡಿಸ್ಕಸ್ ಬೇಕಿದ್ರೆ ಸ್ಟೇಡಿಯಂ ಹತ್ತಿರ ಇರ್ಬೇಕು.

ಕಾಂಕ್ರೀಟ್ ರಸ್ತೆಯಲ್ಲಿ ದಿನಾ ಓಡಿಸ್ಬೇಡಿ. ನನ್ನನ್ನ ಒಂದು ವರ್ಷ ಹಾಗೆ ಓಡಿಸಿದವರಿದ್ರು, ಮೊಣಕಾಲಿಂದ ಕೆಳಗೆ ಮುಂದಿನ ಮೂಳೆಯಲ್ಲಿ ನೋವು ಬಂದು ಮೂರು ತಿಂಗಳು ಕೂತೆ. ಬೀಚಲ್ಲಿ ಓಡಿಸುವವರು ಪಣಂಬೂರಲ್ಲಾಗ್ಲಿ ಮಲ್ಪೆಯಲ್ಲಾಗ್ಲಿ ನೀರಿನ ಅಂಚಿನ ಗಟ್ಟಿ ಮರಳಲ್ಲಿ ಓಡಿಸಿ, ಅದೂ ಇಳಿಜಾರು ಕಡಿಮೆ ಇರುವ ಹೊತ್ತಲ್ಲಿ, ಹೋಗುವಾಗ ಒಂದು ಕಾಲು ತಗ್ಗಲ್ಲಿದ್ರೆ ಬರುವಾಗ ಅದೇ ದಾರಿಯಲ್ಲಿ ಬಂದು ಸಮ ಮಾಡಿ. ಜೂನಿಂದ ಸೆಪ್ಟೆಂಬರ್ ತನಕ ಮಳೆ ಬಿಡುವುದಿಲ್ಲ, ಆಗ ಶಾಲೆಯ ಜಗಲಿಯಲ್ಲಿ ಹಗ್ಗದ ಜಿಗಿತ, ಬಸ್ಕಿ, ಮೆಟ್ಟಿಲು. ಜಿಗಿತ ಎಸೆತದ ಮಕ್ಕಳಿಗೆ ಮಳೆಗಾಲವೇ ಬಲ ಬೆಳೆಸುವ ಕಾಲ, ಅದನ್ನ ನಷ್ಟ ಅಂತ ನೋಡ್ಬೇಡಿ.

ಖರ್ಚಿನ ವಿಷಯ ಸಣ್ಣದಾಗಿ ಹೇಳ್ತೇನೆ. ಮೊದಲ ವರ್ಷ ಸ್ಪೈಕ್ಸ್ ಬೇಡ, ಸಾಧಾರಣ ಓಟದ ಶೂ ಸಾಕು. ತಗೊಳ್ಳುವಾಗ ಐಟಂ ನೋಡಿ ತಗೊಳ್ಳಿ, ಸ್ಪ್ರಿಂಟ್ ಸ್ಪೈಕ್ಸಿಗೆ ಹಿಮ್ಮಡಿ ಕಡೆ ಆಸರೆ ಇಲ್ಲ, ಅದರಲ್ಲಿ ಎಂಟ್ನೂರು ಓಡಿದ್ರೆ ಮೀನಖಂಡ ಹಿಡೀತದೆ. ಸಿಂಥೆಟಿಕ್ ಟ್ರ್ಯಾಕಿಗೆ ಮೊಳೆ 9 ಮಿಲಿಮೀಟರಿಗಿಂತ ಉದ್ದ ಇರ್ಬಾರ್ದು, ಎತ್ತರ ಜಿಗಿತ ಮತ್ತು ಜಾವೆಲಿನ್ನಿಗೆ ಮಾತ್ರ 12ರ ತನಕ. ಊಟಕ್ಕೆ ನಮ್ಮ ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಹೆಸರುಕಾಳು, ಬಂಗುಡೆ, ಬಾಳೆಹಣ್ಣು ಧಾರಾಳ ಆಯ್ತು. ಯಾರೋ ಕೊಟ್ಟ ಡಬ್ಬದ ಪೌಡರು ಮಾತ್ರೆ ಮುಟ್ಟಿಸ್ಲೇಬೇಡಿ. ಲೇಬಲಲ್ಲಿ ಬರೆಯದ್ದೂ ಒಳಗಿರ್ಬಹುದು, ಡೋಪಿಂಗ್ ಟೆಸ್ಟಲ್ಲಿ ಸಿಕ್ಕಿದ್ರೆ ಬೇರೆಯವರು ಕೊಟ್ಟದ್ದು ಅಂದ್ರೆ ಸಾಕಾಗುವುದಿಲ್ಲ, ಮೈಯಲ್ಲಿ ಸಿಕ್ಕಿದ್ದಕ್ಕೆ ಜವಾಬ್ದಾರಿ ಅಥ್ಲೀಟಿನದ್ದೇ, ಬ್ಯಾನ್ ಆಗುವುದು ಮಗುವೇ.

ಹಾಸ್ಟೆಲಿಗೆ ಹಾಕ್ಬೇಕಾ ಮನೇಲೇ ಇಟ್ಕೊಳ್ಬೇಕಾ ಅಂತ ಕೇಳುವವರಿಗೆ, ಕ್ರೀಡಾ ಇಲಾಖೆಯ ಹಾಸ್ಟೆಲಿರ್ಲಿ, ಆಟದ ಮಕ್ಕಳನ್ನ ದತ್ತು ತಗೊಂಡು ಖರ್ಚು ನೋಡ್ಕೊಳ್ಳುವ ಕಾಲೇಜಿರ್ಲಿ, ಎಂಟನೇ ಕ್ಲಾಸಿಗೆ ಮೊದಲು ಬೇಡ ಅನ್ನೋದು ನನ್ನ ಅಭಿಪ್ರಾಯ. ಹೋಗುವ ಮೊದಲು ಅಲ್ಲಿ ನಿಮ್ಮ ಐಟಂಗೆ ಕೋಚ್ ಇದ್ದಾರಾ ಕೇಳಿ. ಸ್ಪ್ರಿಂಟ್ ಕೋಚ್ ಮಾತ್ರ ಇರುವಲ್ಲಿ ಡಿಸ್ಕಸ್ ಹುಡುಗಿಯನ್ನ ಬಿಟ್ರೆ ಅವಳು ಎರಡು ವರ್ಷ ಓಡ್ತಾ ಇರ್ತಾಳೆ ಅಷ್ಟೇ.

ನಮ್ಮನೆಯಲ್ಲಿ ಏನಾಯ್ತು ಅಂದ್ರೆ, ಅಕ್ಕನ ಮಗ ಎಲ್ಲರ ಹಾಗೆ ನೂರು ಮೀಟರ್ ನೂರು ಮೀಟರ್ ಅಂತಿದ್ದ. ನಾಲ್ಕು ಭಾನುವಾರದಲ್ಲಿ ಅವನ ಬಾಲ್ ಎಸೆತ ಮೈದಾನ ದಾಟಿ ಪಕ್ಕದ ತೋಟಕ್ಕೆ ಬಿತ್ತು, ಅಡಿಕೆ ಮರದ ಬುಡದಲ್ಲಿ ಹುಡುಕಿ ತಂದದ್ದಾಯ್ತು. "ಚಿಕ್ಕಿ, ಇದ್ರಲ್ಲಿ ಓಡ್ಲಿಕ್ಕೆ ಇಲ್ವಾ?" ಅಂತ ಕೇಳಿದ, ಉಂಟು ಮಗ, ಓಡಿ ಬಂದೇ ಎಸೆಯುವುದು ಅಂದೆ. ಈಗ ವಾರಕ್ಕೆ ಮೂರು ದಿನ ಹಗುರದ ಜಾವೆಲಿನ್, ಎರಡು ದಿನ ಓಟ. ಮಗಳು ನಾನೂರು ಓಡ್ಲಿ ಅಂತ ನಂಗೆ ಆಸೆ ಇತ್ತು, ಅವಳ ನೋಟ್‌ಬುಕ್ಕಲ್ಲಿ "ಇನ್ನೂ ಒಂದ್ಸಲ" ಅಂತ ಬರೆದದ್ದು ಎರಡನೇ ಭಾನುವಾರದ ಎದುರು. ನಾಳೆ ಬೆಳಿಗ್ಗೆ ಆರಕ್ಕೆ ಚಪ್ಪಲಿ ಇಟ್ಟು ಅವಳ ರನ್ನಪ್ ಹಿಡಿಯಲಿಕ್ಕುಂಟು.